ಜವಾನರ ಡೈರಿ, ಪತ್ರಗಳನ್ನೂ ಪತ್ರಾಗಾರ ಉಳಿಸಬೇಕು



ಯುದ್ಧ ಮತ್ತು ಸೇನಾ ಕಾರ್ಯಾಚರಣೆಗಳ ದಾಖಲೆಗಳ ಬಗ್ಗೆ ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಂದು ನೀತಿಯನ್ನು ಒಪ್ಪಿತು. ಸೇನೆಯ ಮೂರೂ ಅಂಗಗಳು ತಮ್ಮ ಯುದ್ಧ ದಿನಚರಿ ಹಾಗೂ ಕಾರ್ಯಾಚರಣೆಯ ಕಡತಗಳನ್ನು ಸಚಿವಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಬೇಕು, ಸಾಮಾನ್ಯವಾಗಿ 25 ವರ್ಷಗಳಲ್ಲಿ ಅವುಗಳ ಗೋಪ್ಯತೆ ತೆಗೆಯಬೇಕು, ಅದಕ್ಕೂ ಹಳೆಯವನ್ನು ತಜ್ಞರು ಪರಿಶೀಲಿಸಿದ ಮೇಲೆ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು ಎಂಬುದು ಅದರ ತಿರುಳು. ಕಾರ್ಗಿಲ್ ಪರಿಶೀಲನಾ ಸಮಿತಿಯೂ ಎನ್.ಎನ್. ವೋರಾ ಸಮಿತಿಯೂ ಬಹಳ ಹಿಂದೆಯೇ ಕೇಳಿದ್ದ ಕೆಲಸವಿದು. 1962ರ ಚೀನಾ ಯುದ್ಧದ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಇಂದಿಗೂ ಬೀಗದೊಳಗೇ ಇಟ್ಟಿರುವ ದೇಶದಲ್ಲಿ ಇಷ್ಟಾದರೂ ಆದದ್ದು ಸಣ್ಣದಲ್ಲ. ಆದರೆ ಸರ್ಕಾರದ ಪ್ರಕಟಣೆಯಲ್ಲಿ ಮಾತೆಲ್ಲ ಸರ್ಕಾರಿ ಕಾಗದದ್ದೇ. ಪದಾತಿ ದಳದ ಜವಾನ ಬರೆದಿಟ್ಟ ಡೈರಿ, ಮನೆಗೆ ಹಾಕಿದ ಪತ್ರ, ಪೇ ಬುಕ್, ಡಿಸ್ಚಾರ್ಜ್ ಬುಕ್‌ಗಳ ಸುಳಿವು ಅದರಲ್ಲಿಲ್ಲ.

ಬೆಟಾಲಿಯನ್ನಿನ ಯುದ್ಧ ದಿನಚರಿಯಿದ್ದರೆ ಸಾಕಲ್ಲ ಎನ್ನುವವರು ಅದನ್ನೊಮ್ಮೆ ತೆರೆದು ನೋಡಬೇಕು. ಅದು ಘಟಕದ ದಿನವಹಿ. ಬರೆಯುವವನು ಸಾಮಾನ್ಯವಾಗಿ ಘಟಕದ ಆಡಳಿತ ನೋಡಿಕೊಳ್ಳುವ ಅಧಿಕಾರಿ, ಅಂದರೆ ಅಜುಟೆಂಟ್. ಎಲ್ಲಿಂದ ಎಲ್ಲಿಗೆ ನಡೆದರು, ಎಷ್ಟು ಗಂಟೆಗೆ ದಾಳಿ ಶುರುವಾಯಿತು, ಯಾವ ಆದೇಶ ಬಂತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಮೊದಲ ಮಹಾಯುದ್ಧದ ಇಂಥ ದಿನಚರಿಗಳಲ್ಲಿ ಸತ್ತ ಅಧಿಕಾರಿಗೆ ಹೆಸರಿರುತ್ತದೆ. ಸತ್ತ ಸಿಪಾಯಿಗಳು ಬಹುಮಟ್ಟಿಗೆ ಬರೀ ಸಂಖ್ಯೆ. ಚಳಿ ಹೇಗಿತ್ತು, ಊಟ ಬಂತೇ, ಪಕ್ಕದವನು ಸತ್ತ ರಾತ್ರಿ ಉಳಿದವರು ಏನು ಮಾಡಿದರು ಎಂಬುದನ್ನು ಬರೆಯುವುದು ಅಜುಟೆಂಟನ ಕೆಲಸವಲ್ಲ.

ಸಿಪಾಯಿಯ ಕಾಗದ ಉಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಆ ಯುದ್ಧದಲ್ಲೇ ನಿದರ್ಶನವಿದೆ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಪಡೆಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್ ಶಪೆಲ್‌ನಲ್ಲಿ ಹೋರಾಡಿದ ಕಾಲಾಳು ಪಡೆಗಳಲ್ಲಿ ಹೆಚ್ಚಿನವನ್ನು ಆ ವರ್ಷದ ಕೊನೆಗೆ ಮೆಸೊಪೊಟೇಮಿಯಾದತ್ತ ಸಾಗಿಸಲಾಯಿತು. ಓದುಬರಹ ಬಾರದ ಸಿಪಾಯಿ ಮನೆಗೆ ಹಾಕುವ ಪತ್ರವನ್ನು ಹೇಳಿ ಬರೆಸುತ್ತಿದ್ದ. ಊರಿನಲ್ಲಿ ಅದನ್ನು ಯಾರೋ ಓದಿ ಹೇಳುತ್ತಿದ್ದರು. ನಡುವೆ ಫ್ರಾನ್ಸಿನಲ್ಲಿ ಭಾರತೀಯ ಅಂಚೆಗೆಂದೇ ಒಂದು ಸೆನ್ಸಾರ್ ಕಚೇರಿ. ಅಲ್ಲಿನವರು ಪತ್ರಗಳನ್ನು ಓದಿ, ಬೇಕಾದ ತುಣುಕುಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಇದು ಗೊತ್ತಿದ್ದ ಸಿಪಾಯಿಗಳು ಭಾರತೀಯ ಪಡೆಗೆ ಕರಿಮೆಣಸು, ಬಿಳಿಯರ ಪಡೆಗೆ ಕೆಂಪು ಮೆಣಸು ಎಂದು ಸಂಕೇತ ಕಟ್ಟಿಕೊಂಡು ಬರೆದರು. ಸೆನ್ಸಾರ್‌ನವರಿಗೂ ಅದು ತಿಳಿದುಹೋಯಿತು! ಮೂಲ ಪತ್ರಗಳಲ್ಲಿ ಉಳಿದವು ತೀರ ಕಡಿಮೆ. ಇತಿಹಾಸಕಾರರು ಇಂದು ನೆಚ್ಚಿಕೊಂಡಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ವರದಿಗಳನ್ನು. ಡೇವಿಡ್ ಒಮಿಸ್ಸಿ 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಕಲನವೂ ಅವುಗಳಿಂದಲೇ ಆಯ್ದದ್ದು. ಸಿಪಾಯಿಯ ಮಾತನ್ನು ಕೇಳಬೇಕಾದರೆ ಅವನ ಮೇಲೆ ಕಣ್ಣಿಡಲು ಹುಟ್ಟಿದ ಕಚೇರಿಯ ಕಡತವನ್ನೇ ತೆರೆಯಬೇಕು, ಅದೂ ಇಂಗ್ಲಿಷಿನಲ್ಲಿ.

ಇದೇ ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ಸಿಡ್ನಿಯ ಮಿಚೆಲ್ ಲೈಬ್ರರಿ ಸೈನಿಕರ ಡೈರಿಗಳನ್ನು ಹಣ ಕೊಟ್ಟು ಕೊಳ್ಳುವುದಾಗಿ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿತ್ತು. ಹಾಗೆ ಸೇರಿದ ನೂರಾರು ಡೈರಿಗಳನ್ನು ಈಗ ಯಾರು ಬೇಕಾದರೂ ಓದಬಹುದು. ಯುರೋಪಿನಲ್ಲಿ ಕೆಲಸ ತಡವಾಗಿ, ಬೇರೆ ರೀತಿಯಲ್ಲಿ ನಡೆಯಿತು. 2011ರಿಂದ ಯುರೋಪಿಯಾನಾ ಎಂಬ ಡಿಜಿಟಲ್ ಸಂಗ್ರಹ ಯೋಜನೆಯವರು ಊರೂರಿಗೆ ಹೋಗಿ, ಮನೆಯವರು ತಂದ ಕಾಗದಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಮೂಲವನ್ನು ಅವರ ಕೈಗೇ ಮರಳಿಸಿದರು.

ಕರ್ನಾಟಕಕ್ಕೆ ಒಗ್ಗುವುದು ಈ ಎರಡನೆಯ ದಾರಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಕೊಡಗಿನಲ್ಲಿ ಫೌಜಿಗೆ ಹೋದವರಿಲ್ಲದ ಮನೆತನ ಅಪರೂಪ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾದದ್ದು ಒಳ್ಳೆಯದೇ. ಹವಾಲ್ದಾರರ ಟ್ರಂಕಿಗೆ ಮಾತ್ರ ಅಂಥ ಯೋಗವಿಲ್ಲ. ಅವರು ತೀರಿಕೊಂಡ ಮೇಲೆ ಪದಕಗಳು ಗೋಡೆಯ ಚೌಕಟ್ಟು ಸೇರುತ್ತವೆ, ಕಾಗದ ಗೆದ್ದಲಿಗೋ ರದ್ದಿಗೋ ಹೋಗುತ್ತದೆ. ಲಕೋಟೆಯನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಕೇರಾಫ್ 56 ಎ.ಪಿ.ಓ.’ ಎಂಬ ವಿಳಾಸದಲ್ಲಿ ಊರಿನ ಹೆಸರಿರದು, ಘಟಕ ಎಲ್ಲಿದೆಯೆಂದು ಮನೆಯವರಿಗೂ ತಿಳಿಯಬಾರದೆಂದೇ ಆ ಏರ್ಪಾಡು. ಆದರೆ ಮುದ್ರೆಯಲ್ಲಿನ ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮತ್ತು ತಾರೀಖನ್ನು ಸೇನಾ ಅಂಚೆಯ ದಾಖಲೆಯೊಂದಿಗೆ ತಾಳೆ ನೋಡಿದರೆ, ತಾರೀಖೇ ಇಲ್ಲದ ಪತ್ರ ಯಾವ ರಂಗದಿಂದ ಬಂತೆಂದು ಎಷ್ಟೋ ಬಾರಿ ಪತ್ತೆಹಚ್ಚಬಹುದು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಪತ್ರದಲ್ಲಿರುವ ಅಡ್ಡಹೆಸರು ಯಾರದು, ಆ ಗುಡ್ಡ ಯಾವುದು ಎಂದು ಹೇಳಬಲ್ಲವರು ಅವರೇ.

ಹೊಸ ಕಾನೂನೇನೂ ಬೇಕಿಲ್ಲ. ಖಾಸಗಿಯವರಿಂದ ಮಹತ್ವದ ದಾಖಲೆ ಪಡೆಯಲು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೇ ರಾಷ್ಟ್ರೀಯ ಪತ್ರಾಗಾರಕ್ಕೆ ಅವಕಾಶ ಕೊಟ್ಟಿದೆ. ಅಲ್ಲಿನ ಖಾಸಗಿ ಸಂಗ್ರಹದಲ್ಲಿ ಎದ್ದು ಕಾಣುವುದು ರಾಷ್ಟ್ರನಾಯಕರ ಕಾಗದಗಳು, ಅಷ್ಟೇ. ಕನ್ನಡದಲ್ಲಿ ಬರೆದ ಪತ್ರಗಳನ್ನು ದೆಹಲಿಗೆ ಸಾಗಿಸುವುದಕ್ಕಿಂತ ರಾಜ್ಯ ಪತ್ರಾಗಾರ ಇಲಾಖೆಯೇ ಈ ಕೆಲಸ ವಹಿಸಿಕೊಳ್ಳುವುದು ಮೇಲು. ಮಾಜಿ ಸೈನಿಕರ ಮತ್ತು ಸೈನಿಕರ ವಿಧವೆಯರ ವಿಳಾಸಗಳು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿವೆ. ಕಾಗದಗಳನ್ನು ಸ್ಕ್ಯಾನ್ ಮಾಡುವ ಶಿಬಿರ ಅಲ್ಲೇ ನಡೆಯಬಹುದು.

ಗೋಪ್ಯತೆಯ ಅಳುಕು ಸಹಜ. ಐವತ್ತು ವರ್ಷ ದಾಟಿದ ಕಾಗದದಲ್ಲಿ ಸೇನೆಯ ಗುಟ್ಟಿಗಿಂತ ಮನೆಯ ಗುಟ್ಟೇ ಹೆಚ್ಚು: ಸಾಲ, ಪಾಲುಪಟ್ಟಿ, ಅಣ್ಣತಮ್ಮಂದಿರ ಜಗಳ. ಆದ್ದರಿಂದ ಯಾವ ಪುಟ ತೋರಿಸಬೇಕು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು ಎಂಬ ತೀರ್ಮಾನ ಮನೆಯವರದ್ದಾಗಬೇಕು. ಪತ್ರ ಬಂದವರ ಬಳಿ ಕಾಗದವಿದ್ದರೂ ಬರಹದ ಹಕ್ಕು ಬರೆದವನಿಗೆ, ಅವನ ನಂತರ ವಾರಸುದಾರರಿಗೆ ಸೇರಿದ್ದು. ಸ್ಕ್ಯಾನ್ ಮಾಡುವ ಮುನ್ನವೇ ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದು, ಅದರ ಒಂದು ಪ್ರತಿಯನ್ನು ಮನೆಯವರಿಗೆ ಕೊಡುವುದು ಪತ್ರಾಗಾರದ ಹೊಣೆ.

— ಓದುಗರೊಬ್ಬರು, ಬೆಳಗಾವಿ