ಪುಸ್ತಕದ ಕಪಾಟೂ ನಾದದ ಪೆಟ್ಟಿಗೆಯೂ

ಪೆಟ್ಟಿಗೆ ಚಿಕ್ಕದಾದರೆ ಮಂದ್ರಸ್ವರ ಸೊರಗುತ್ತದೆಂಬುದು ಹಳೆಯ ನಂಬಿಕೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ ಅದನ್ನು ಸುಳ್ಳಾಗಿಸಿದರು. ತಿಪಟೂರಿನ ನಮ್ಮ ಮನೆಗೂ ಕಪಾಟಿನ ಸ್ಪೀಕರುಗಳ ಜೋಡಿಯೊಂದು ಬಂದು ವರ್ಷವಾಯಿತು. ಕ್ವಿಂಟಾಲು ಉಂಡೆಕೊಬ್ಬರಿಯ ಹಣ ಹೋಯಿತೆಂದು ಅಮ್ಮನಿಗೆ ಮುನಿಸು.

ವಾಚಕರೇ, ಹೆಸರನ್ನು ನಂಬಿ ಇವನ್ನು ಕಪಾಟಿಗೇ ತುರುಕಬೇಡಿ! ಗೋಡೆ ಬೆನ್ನಿಗೆ ತಾಗಿದರೆ ಮೃದಂಗದ ಎಡಮುಖ ಗುಮ್ಮೆಂದು ಊದಿಕೊಳ್ಳುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆ ಅದರಡಿ ಅಡಗುತ್ತದೆ. ಗೋಡೆಯಿಂದ ಮೊಳದಷ್ಟು ಈಚೆಗೆ, ಕುಳಿತವರ ಕಿವಿಯ ಮಟ್ಟದಲ್ಲಿಡಿ. ನುಣುಪಾದ ಗಾರೆಯ ನೆಲದಿಂದ ಸದ್ದು ಪುಟಿಯುವುದುಂಟು. ಜಮಖಾನೆ ಹಾಸಿದರೆ ಗಮಕದ ಎಳೆಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆ ಜಮಖಾನೆಯ ಮೇಲೆ, ಎರಡು ಪೆಟ್ಟಿಗೆಗಳಿಗೂ ಸಮದೂರದ ಜಾಗವನ್ನು ಅಮ್ಮ ಈಗ ಯಾರಿಗೂ ಬಿಟ್ಟುಕೊಡುವುದಿಲ್ಲ.