ಸ್ಕ್ರಿಪ್ಟ್ ಓದದೆ ಎಂಟರ್ ಒತ್ತಬೇಡಿ

ನಮ್ಮ ಅಂಗಡಿಯ ಉದ್ರಿ ಲೆಕ್ಕವೆಲ್ಲ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ. ವಿಂಡೋಸ್ ತೆವಳುತ್ತಿತ್ತು ಎಂದು ನಾನೇ ಅದಕ್ಕೆ ಆರ್ಚ್ ಲಿನಕ್ಸ್ ಹಾಕಿದೆ. ಅಬ್ಬಾ ಗಿರಾಕಿಗಳ ಹೆಸರನ್ನು ಉರ್ದುವಿನಲ್ಲೇ ಬರೆಯುವವರು. ಅವರ ಕಣ್ಣಿಗೆ ಒಪ್ಪುವ ನಸ್ತಾಲಿಖ್ ಫಾಂಟ್ ಸಿಕ್ಕಿದ್ದು ಎಯುಆರ್‌ನಲ್ಲಿ, ಅಂದರೆ ಆರ್ಚ್ ಬಳಕೆದಾರರೇ ಬಿಲ್ಡ್ ಸ್ಕ್ರಿಪ್ಟ್ ಬರೆದು ಇಡುವ ಭಂಡಾರದಲ್ಲಿ.

ಈ ಸ್ಕ್ರಿಪ್ಟಿನ ಹೆಸರು ಪಿಕೆಜಿಬಿಲ್ಡ್. ಹೆಸರಿಗೆ ಹೆದರಬೇಡಿ, ಅದೊಂದು ಸಾದಾ ಪಠ್ಯದ ಕಡತ. ಪ್ಯಾಕೇಜಿನ ಹೆಸರು, ಆವೃತ್ತಿ, ಮೂಲ ಎಲ್ಲಿಂದ ತರಬೇಕು, ತಂದ ಕಡತದ ಚೆಕ್‌ಸಮ್ ಏನಿರಬೇಕು, ಯಾವುದನ್ನು ಎಲ್ಲಿ ಇಡಬೇಕು, ಇಷ್ಟೇ. ಮೇಕ್‌ಪಿಕೆಜಿ ಎಂಬ ಆಜ್ಞೆ ಕೊಟ್ಟರೆ ಅದರಲ್ಲಿ ಬರೆದಂತೆ ಕೆಲಸ ನಡೆಯುತ್ತದೆ.

ನನಗೆ ಚೆಕ್‌ಸಮ್ ತಾಳೆಯಾಗಲಿಲ್ಲ. ನಾನೇನು ಮಾಡಿದೆ? ಆ ಸಾಲನ್ನು ಅಳಿಸಿ 'ಸ್ಕಿಪ್' ಎಂದು ಬರೆದೆ. ಫಾಂಟ್ ಬಂತು, ಅಬ್ಬಾ ಖುಷಿಪಟ್ಟರು, ಕ್ಲಾಸಿನಲ್ಲಿ ನಾನು ಜಂಬ ಕೊಚ್ಚಿಕೊಂಡೆ.

ಗಿಟ್‌ನಿಂದ ನೇರವಾಗಿ ತರುವ ಮೂಲಕ್ಕೆ ಸ್ಕಿಪ್ ಬರೆಯುವುದು ರೂಢಿ, ಅದು ತಪ್ಪಲ್ಲ. ನನ್ನದು ಹಾಗಿರಲಿಲ್ಲ. ಅಕೌಂಟೆನ್ಸಿ ಓದುವ ನಾನು ವೌಚರ್ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಏರಿಸಿದಂತಾಯಿತು. ಆಮೇಲೆ 2018ರ ಜುಲೈನ ಘಟನೆ ಓದಿದೆ. ಎಯುಆರ್‌ನಲ್ಲಿ ಪಿಡಿಎಫ್ ಓದುವ ಆಕ್ರೋರೀಡ್ ಪ್ಯಾಕೇಜ್ ಅನಾಥವಾಗಿತ್ತು. ನಿರ್ವಾಹಕರು ಬಿಟ್ಟುಹೋದ ಪ್ಯಾಕೇಜಿಗೆ ಅಲ್ಲಿ ಅನಾಥ ಎಂದೇ ಹೆಸರು, ಯಾರು ಬೇಕಾದರೂ ದತ್ತು ಪಡೆಯಬಹುದು. ಪಡೆದವನು ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ: ಬೇರೆಲ್ಲಿಂದಲೋ ಇನ್ನೊಂದು ಸ್ಕ್ರಿಪ್ಟ್ ತಂದು ಓಡಿಸು ಎಂದು. ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆದುಹಾಕಿದರು. ಆದರೂ ಆ ರಾತ್ರಿ ನಾನು ಉದ್ರಿ ಪುಸ್ತಕದ ಬಗ್ಗೆಯೇ ಯೋಚಿಸುತ್ತಿದ್ದೆ. ಅದು ನಮ್ಮ ಲೆಕ್ಕ ಮಾತ್ರವಲ್ಲ, ಬೀದಿಯ ಎಷ್ಟೋ ಮನೆಗಳ ಸಾಲದ ಲೆಕ್ಕ.

ಚೆಕ್‌ಸಮ್ ತಾಳೆಯಾದರೆ ಸಾಕೇ? ಸಾಲದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದು ಬಯಲಾಯಿತು. ಅದನ್ನು ತೆರೆಯುವ ಬಿಲ್ಡ್ ಸ್ಕ್ರಿಪ್ಟಿನ ತುಣುಕು ಎಲ್ಲರೂ ನೋಡುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಕಟ್ಟಿನಲ್ಲಿ ಮಾತ್ರ ಇತ್ತು. ಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದು ಅವರಿಗೆ ವಿಚಿತ್ರವೆನಿಸಿತ್ತು. ಅರ್ಧ ಸೆಕೆಂಡ್! ಆರ್ಚ್‌ನವರು ಆಮೇಲೆ ತಮ್ಮ ಪಿಕೆಜಿಬಿಲ್ಡ್ ಬದಲಿಸಿ, ಆ ಕಟ್ಟನ್ನು ಬಿಟ್ಟು ಗಿಟ್‌ನಿಂದಲೇ ಮೂಲ ತರುವಂತೆ ಮಾಡಿದರು. ಎಕ್ಸ್‌ಜೆಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್, ಅದೂ ಸಂಬಳವಿಲ್ಲದೆ, ಹವ್ಯಾಸವಾಗಿ. ಬೇಗ ಮಾಡಿ ಎಂದು ಅವರನ್ನು ಗದರಿದವರೂ ಇದ್ದರು. ಆಗ ಸಹಾಯಕನಂತೆ ಬಂದವನೇ ಮೋಸ ಮಾಡಿದ.

ಕನ್ನಡದಲ್ಲಿ ಅಮಾನತು ಎಂದರೆ ಕೆಲಸದಿಂದ ದೂರ ಇಡುವುದು. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಬಿಲ್ಡ್ ಸ್ಕ್ರಿಪ್ಟ್ ಎರಡನೆಯ ಅರ್ಥದ್ದು. ಪುಕ್ಕಟೆ ಸಿಕ್ಕಿದ್ದನ್ನು ಓದುವಷ್ಟಾದರೂ ಕಷ್ಟ ನಾವು ಪಡಬೇಕು. "ಇದು ಸೈನ್ಸ್‌ನವರ ಕೆಲಸ" ಎನ್ನುವ ಕಾಮರ್ಸ್ ಗೆಳೆಯರಿಗೆ ನಾನು ಹೇಳುವುದು, ತಾಳೆ ನೋಡುವುದು ನಮ್ಮದೇ ಕೆಲಸ.

ನಾನು ವಾಪಸ್ ಹೋಗಿ ನೋಡಿದೆ. ಫಾಂಟ್ ಮಾಡಿದವರು ಹಳೆಯ ಹೆಸರಿನಲ್ಲೇ ಹೊಸ ಕಡತ ಇಟ್ಟಿದ್ದರು, ಮೋಸವೇನಿರಲಿಲ್ಲ. ಆವೃತ್ತಿ ತಿದ್ದಿ, ಚೆಕ್‌ಸಮ್ ಹೊಸದಾಗಿ ಬರೆದು, ನಿರ್ವಾಹಕರಿಗೆ ಕಳುಹಿಸಿದೆ. ಉತ್ತರ ಬರಲಿಲ್ಲ. ಈಗ ಆ ಪ್ಯಾಕೇಜ್ ಅನಾಥ. ದತ್ತು ಪಡೆಯಲೇ ಎಂದರೆ, ಪರೀಕ್ಷೆ ಮುಗಿಯಲಿ ಎನ್ನುತ್ತಾರೆ ಅಮ್ಮಿ.