ಸೂಜಿಗೆ ಒಪ್ಪಿಗೆ, ಪುಡಿಗೆ ತಡೆ

ತಲೆನೋವಿಗೆ ಚೀನಾದ ಸಾಂಪ್ರದಾಯಿಕ ವೈದ್ಯ ಕೊಡುವ ಮುಖ್ಯ ಮದ್ದು ಎರಡು: ಕೂದಲೆಳೆಯಂಥ ಸೂಜಿ ಚುಚ್ಚುವ ಅಕ್ಯುಪಂಕ್ಚರ್, ಬೇರು-ಸೊಪ್ಪುಗಳ ಪುಡಿ. ಮೆಚ್ಚುವವರು ಎರಡನ್ನೂ ತಲೆಯ ಮೇಲೆ ಹೊರುತ್ತಾರೆ, ಒಪ್ಪದವರು ಎರಡನ್ನೂ ತಿಪ್ಪೆಗೆ ಎಸೆಯುತ್ತಾರೆ. ಒಂದೇ ಪರಂಪರೆಯಿಂದ ಬಂದವೆಂದ ಮಾತ್ರಕ್ಕೆ ಎರಡಕ್ಕೂ ಒಂದೇ ತೀರ್ಪು ಕೊಡುವುದು ಸರಿಯಲ್ಲ. ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಅನುಭವಿಸುತ್ತಾರೆ. ಇಷ್ಟು ಜನ ಪರಿಹಾರ ಹುಡುಕುತ್ತಿರುವಾಗ ಯಾವುದನ್ನು ನಂಬಬಹುದು, ಯಾವುದನ್ನು ಬಿಡಬೇಕು ಎಂದು ಬಿಡಿಸಿ ಹೇಳಲೇಬೇಕು.

ಮೊದಲು ಸೂಜಿ. ಜರ್ಮನಿಯಲ್ಲಿ 302 ಮೈಗ್ರೇನ್ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಾಸ್ತ್ರೋಕ್ತ ಜಾಗಗಳಿಗೆ ಚುಚ್ಚಿಸಿಕೊಂಡವರ ಪೈಕಿ ಶೇ 51 ಮಂದಿಗೆ ನೋವಿನ ದಿನಗಳು ಅರ್ಧಕ್ಕಾದರೂ ಇಳಿದವು. ಚಿಕಿತ್ಸೆಗಾಗಿ ಸರದಿಯಲ್ಲಿ ಕಾದವರಲ್ಲಿ ಹೀಗಾದದ್ದು ಶೇ 15 ಮಂದಿಗೆ. ಬೇಕೆಂದೇ ಆರಿಸಿದ ಬೇರೆ ಜಾಗಗಳಿಗೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೋ, ಶೇ 53! ಹಾಗಾದರೆ ಇದೆಲ್ಲ ಬರೀ ನಂಬಿಕೆಯ ಆಟವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 22 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಜವಾದ ಸೂಜಿಗೆ ಹುಸಿ ಸೂಜಿಗಿಂತ ತುಸು ಮೇಲುಗೈ ಸಿಕ್ಕಿತು, ಅಷ್ಟೆ. ಆದರೆ ಮೈಗ್ರೇನ್ ತಡೆಯಲು ದಿನವೂ ನುಂಗುವ ಮಾತ್ರೆಗಳ ಎದುರು ನಿಲ್ಲಿಸಿದಾಗಲೂ ಸೂಜಿ ಸೋಲಲಿಲ್ಲ, ಅಡ್ಡಪರಿಣಾಮವೂ ಕಡಿಮೆಯಿತ್ತು. ಹೆಬ್ಬೆರಳು-ತೋರುಬೆರಳುಗಳ ನಡುವಿನ 'ಹೆಗು' ಬಿಂದುವಿನಿಂದ 'ಚಿ' ಎಂಬ ಪ್ರಾಣಶಕ್ತಿ ಹರಿಯುತ್ತದೆ ಎಂಬ ಸಿದ್ಧಾಂತಕ್ಕೆ ಈ ಅಂಕಿಗಳಿಂದ ಪೆಟ್ಟು ಬಿದ್ದಿದೆ. ಚಿಕಿತ್ಸೆಗೆ ಬಿದ್ದಿಲ್ಲ. ತಿಂಗಳಿಗೆ ಎಂಟು ದಿನ ಕತ್ತಲ ಕೋಣೆ ಸೇರುವವರಿಗೆ ಅದು ನಾಲ್ಕಕ್ಕೆ ಇಳಿದರೆ, ಯಾವ ನಾಡಿ ಎಲ್ಲಿ ಹರಿಯಿತೆಂಬ ತಕರಾರು ವಿದ್ವಾಂಸರಿಗಿರಲಿ.

ಪುಡಿಯ ಕಥೆ ಬೇರೆ. ತಲೆನೋವಿಗೆ ಹೆಸರಾದ 'ಚುವಾನ್‌ಶಿಯೊಂಗ್ ಚಾಟಿಯಾವ್' ಸೋಂಗ್ ರಾಜವಂಶದ ಕಾಲದ ಔಷಧಯೋಗ, ಚಹಾದೊಂದಿಗೆ ಸೇವಿಸುವಂಥದ್ದು. (ಚಹಾದ ಕೆಫೀನ್‌ಗೂ ಪರಿಹಾರದಲ್ಲಿ ಪಾಲಿದ್ದೀತು, ನಮ್ಮ ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ.) ಆ ಪುಡಿಯಲ್ಲಿ ಪುದೀನ ಜಾತಿಯ ಸೊಪ್ಪಿದೆ, ಜೇಷ್ಠಮಧುವಿದೆ, ಜೊತೆಗೆ 'ಶಿಶಿನ್' ಎಂಬ ಗಿಡವೂ ಇದೆ. ಇದು ನಮ್ಮ ಈಶ್ವರಿ ಬಳ್ಳಿಯ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದ ಗಿಡಗಳಲ್ಲಿ ಸಿಗುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆ ಸೇವಿಸಿದ ನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಹೆಂಗಸರು, ಕಿಡ್ನಿ ಕಳೆದುಕೊಳ್ಳುವ ಸ್ಥಿತಿಗೆ ಬಂದದ್ದು ಇದೇ ಆಮ್ಲದಿಂದ. ಶಿಶಿನ್‌ನಲ್ಲಿ ಇದರ ಪ್ರಮಾಣ ತೀರ ಕಡಿಮೆ ಎಂಬುದು ನಿಜ. ಎಲೆಗಿಂತ ಬೇರಿನಲ್ಲಿ ಇನ್ನೂ ಕಡಿಮೆ ಎಂದೇ ಚೀನಾದ ಔಷಧ ಸಂಹಿತೆ 2005ರಿಂದ ಬೇರನ್ನಷ್ಟೇ ಬಳಸಲು ಹೇಳಿದೆ. ಆದರೆ ಪೊಟ್ಟಣದಲ್ಲಿರುವುದು ಬೇರೋ ಎಲೆಯೋ ಎಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ? ಸಾವಿರ ವರ್ಷ ಬಳಸಿದ್ದೇ ಪುರಾವೆ ಎನ್ನುವವರು ಒಂದನ್ನು ಮರೆಯುತ್ತಾರೆ. ಕುಡಿದ ಕೂಡಲೇ ವಾಂತಿ ಬಂದರೆ ಪರಂಪರೆ ಅದನ್ನು ಗುರುತಿಸುತ್ತದೆ; ಹತ್ತಾರು ವರ್ಷಗಳ ಬಳಿಕ ಕಾಣುವ ಕ್ಯಾನ್ಸರನ್ನು ಹಳೆಯ ಪುಡಿಗೆ ಗಂಟುಹಾಕಲು ಯಾವ ಅಜ್ಜನ ಅನುಭವವೂ ಸಾಲದು.

ಮಾತ್ರೆಯಾದರೂ ನಿರಪಾಯವೇ ಎಂದು ಕೇಳಿದರೆ, ಅಲ್ಲ. ತಿಂಗಳಿಗೆ 15 ದಿನ ಅಥವಾ ಹೆಚ್ಚು ಪ್ಯಾರಾಸಿಟಮಾಲ್‌ನಂಥದ್ದನ್ನು ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಲ್ಲದು. ಮಾತ್ರೆ ಕಡಿಮೆ ಮಾಡಬೇಕೆನ್ನುವವರು ಸೂಜಿಯನ್ನು ಪರಿಗಣಿಸಬಹುದು. ಸಿಡಿಲು ಬಡಿದಂತೆ ಏಕಾಏಕಿ ಬಂದ ನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲು, ಕೈಕಾಲು ಬಲಹೀನತೆ ಇವುಗಳಿದ್ದರೆ ನೇರ ಆಸ್ಪತ್ರೆಗೇ ಹೋಗಬೇಕು. ಉಳಿದವರು ತರಬೇತಾದವರ ಬಳಿ, ಒಮ್ಮೆ ಬಳಸಿ ಬಿಸಾಡುವ ಸೂಜಿಯಲ್ಲಿ ಚುಚ್ಚಿಸಿಕೊಳ್ಳಲಿ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹೇಳುವುದು ಐದರಿಂದ ಎಂಟು ವಾರಗಳಲ್ಲಿ ಹೆಚ್ಚೆಂದರೆ 10 ಸಲ. ಅಷ್ಟರಲ್ಲಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ನೋವಿನ ದಿನಗಳು ಇಳಿಯದಿದ್ದರೆ ಹನ್ನೊಂದನೆಯ ಸಲಕ್ಕೆ ದುಡ್ಡು ಕಟ್ಟಬೇಕಾಗಿಲ್ಲ.